ಮೊದಲು ಮಸಿಬಟ್ಟೆ, ಕೌದಿ ಆಮೇಲೆ

ಈ ಪ್ರಕರಣ ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಇದೆ. ಗುರುತು ಹತ್ತಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ದಾವಣಗೆರೆಯವರು. ಪ್ರಾಥಮಿಕ ಶಾಲೆಯಲ್ಲಿ ಮೂರು ದಶಕ ಪಾಠ ಹೇಳಿ ನಿವೃತ್ತರಾಗಿದ್ದರು. ಇಲ್ಲಿ ಅವರನ್ನು ಟೀಚರಮ್ಮ ಎಂದೇ ಕರೆಯುತ್ತೇನೆ, ಓಣಿಯಲ್ಲೂ ಹಾಗೇ ಕರೆಯುವುದು. ನನ್ನ ಹತ್ತಿರ ಆಪ್ತಸಲಹೆಗೆ ಅವರು ತಾವಾಗಿ ಬಂದವರಲ್ಲ, ಸೊಸೆ ಕರೆತಂದಿದ್ದರು. ಸೊಸೆಯ ದೂರು ಸಣ್ಣದು. ರಿಟೈರ್ ಆದ ಮೇಲೆ ಕೌದಿ, ಅಂದರೆ ಹಳೆ ಬಟ್ಟೆಯ ತುಂಡು ಸೇರಿಸಿದ ಹೊದಿಕೆ, ಹೊಲಿಯುತ್ತೇನೆ ಎಂದು ಅತ್ತೆ ವರ್ಷಗಟ್ಟಲೆ ಹೇಳುತ್ತಿದ್ದರು. ಈಗ ಟ್ರಂಕು ತೆಗೆದು ತುಂಡುಗಳನ್ನು ಹರವಿಕೊಂಡು ಕೂರುತ್ತಾರೆ, ಸೂಜಿಗೆ ದಾರ ಪೋಣಿಸುತ್ತಾರೆ, ಒಂದು ಗೇಣು ಹೊಲಿಯುವಷ್ಟರಲ್ಲಿ ಕಣ್ಣು ತುಂಬುತ್ತದೆ. ಎಲ್ಲ ಮಡಚಿ ಒಳಗಿಟ್ಟು ಆ ಸಂಜೆ ಯಾರ ಜೊತೆಗೂ ಮಾತಾಡುವುದಿಲ್ಲ.

"ಅತ್ತೆ ಹಿಂಗಿರಲಿಲ್ಲ ಮೇಡಂ. ಡಿಪ್ರೆಶನ್ ಏನಾರ ಇರಬಹುದಾ ಅಂತ ಇವರು ಕೇಳ್ತಿದಾರೆ," ಎಂದರು ಸೊಸೆ. ಇವರು ಎಂದರೆ ಟೀಚರಮ್ಮನ ಮಗ. ಟೀಚರಮ್ಮನ ಯಜಮಾನರ ಅಭಿಪ್ರಾಯವನ್ನೂ ಸೊಸೆಯೇ ಹೇಳಿದರು: ಕಂಬಳಿ, ರಗ್ಗು ಎಲ್ಲ ಅಂಗಡಿಯಲ್ಲೇ ಸಿಗುವಾಗ ಇಷ್ಟು ತಲೆಬಿಸಿ ಯಾಕೆ.

ಖಿನ್ನತೆಯ ಪ್ರಶ್ನೆ ಕೇಳಲೇಬೇಕಿತ್ತು. ನಿವೃತ್ತಿಯ ನಂತರದ ತಿಂಗಳುಗಳಲ್ಲಿ ಅದು ಸದ್ದಿಲ್ಲದೆ ಬರುವುದುಂಟು. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಕನ್ನಡದಲ್ಲೇ ಓದಿಸಿದೆ. ಒಟ್ಟು 27ಕ್ಕೆ ಅವರದು 8 ಬಂತು. ಹತ್ತು ದಾಟಿದ್ದರೆ ಮನೋವೈದ್ಯರ ಹತ್ತಿರ ಕಳಿಸುವ ಮಾತು ಮೊದಲೇ ಎತ್ತುತ್ತಿದ್ದೆ. ಊಟ ಸೇರುತ್ತಿತ್ತು, ನಿದ್ದೆ ಸುಮಾರಾಗಿತ್ತು, ಸಾಯುವ ಯೋಚನೆ ಇರಲಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನಡೆದಿತ್ತು. ಥೈರಾಯ್ಡ್ ಮತ್ತು ಬಿ12 ಒಮ್ಮೆ ನೋಡಿಸಿ ಎಂದೆ, ಅವೂ ಸರಿ ಇದ್ದವು. ಅಂದರೆ ಬೇಸರ ದಿನವಿಡೀ ಇರಲಿಲ್ಲ. ಟ್ರಂಕಿನ ಸುತ್ತಮುತ್ತ ಮಾತ್ರ ಇತ್ತು.

ಯಾಕೆ ಬಿಟ್ಟಿದ್ದಿರಿ ಎಂದು ಕೇಳಿದ್ದಕ್ಕೆ ಮೊದಲ ಉತ್ತರ ಎಲ್ಲರೂ ಕೊಡುವಂಥದ್ದೇ. ಟೈಮ್ ಇರಲಿಲ್ಲ. ಶಾಲೆ, ಮಗನ ಓದು, ಜನಗಣತಿ, ಚುನಾವಣೆ ಡ್ಯೂಟಿ, ಬಿಸಿಯೂಟದ ಲೆಕ್ಕ. ಎರಡನೆಯ ಉತ್ತರ, "ಕೈ ಹೋಗೇತ್ರಿ. ಮೊದಲಿನಂಗ ಸಾಲು ನೆಟ್ಟಗೆ ಬರವಲ್ದು." ಎರಡೂ ಸುಳ್ಳಲ್ಲ. ಆದರೆ ಟೈಮ್ ಸಿಗದೆ ಬಿಟ್ಟ ಕೆಲಸಕ್ಕೆ ಯಾರೂ ಅಳುವುದಿಲ್ಲ. ಮುಂದಿನ ಸಲ ಬರುವಾಗ ಆ ಬಟ್ಟೆಯನ್ನೇ ತನ್ನಿ ಎಂದೆ.

ತಂದರು. ಹಳೆ ಪಂಚೆಯಲ್ಲಿ ಗಂಟು ಕಟ್ಟಿದ್ದ ಅರ್ಧ ಕೌದಿ. ನನ್ನ ಮೇಜು ಸಾಲದೆ ನೆಲದ ಮೇಲೆ ಚಾಪೆ ಹಾಸಿ ಬಿಚ್ಚಿದೆವು. ಕೆಳಪದರಕ್ಕೆ ಅವರ ತಾಯಿಯ ನೂಲಿನ ಸೀರೆ, ತೊಳೆದು ತೊಳೆದು ಹೂವಿನಷ್ಟು ಮೆತ್ತಗಾಗಿದ್ದು. ನಡುವೆ ಪಂಚೆ, ಲಂಗ, ಅಂಗಿಯ ತುಂಡು. ಮೇಲೆ ಬಣ್ಣಬಣ್ಣದ ತೇಪೆ. ಈ ಕಡೆಯ ಕೌದಿಯಲ್ಲಿ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತು ಹಾಕುತ್ತ ನಡುವಿಗೆ ಬರುತ್ತದೆ. ಇಬ್ಬರು ಕೂತರೆ ಎದುರುಬದುರಿನ ಅಂಚು ಹಿಡಿಯುತ್ತಾರೆ, ಮಾತಾಡುತ್ತ ಮಾತಾಡುತ್ತ ಹತ್ತಿರ ಬರುತ್ತಾರೆ. ಇದರಲ್ಲೂ ಎರಡು ಕೈ ಇದ್ದದ್ದು ನೋಡಿದ ತಕ್ಷಣ ತಿಳಿಯುತ್ತಿತ್ತು. ಒಂದು ಬದಿಯ ಹೊಲಿಗೆ ಅಕ್ಕಿಕಾಳು ಜೋಡಿಸಿದ ಹಾಗೆ, ಒಂದೇ ಅಳತೆ, ಸಾಲಿಂದ ಸಾಲಿಗೆ ಬೆರಳಗಲದ ಅಂತರ. ಇನ್ನೊಂದು ಬದಿಯದು ದೊಡ್ಡ ಹೊಲಿಗೆ, ಅಲ್ಲಲ್ಲಿ ಸೊಟ್ಟ, ಅವಸರದ್ದು. ಆ ಸೊಟ್ಟ ಸಾಲಿನ ಕೊನೆಗೆ ಸೂಜಿ ಚುಚ್ಚಿದಂತೆಯೇ ಇತ್ತು. ತುಕ್ಕು ಹಿಡಿದು ಬಟ್ಟೆಗೆ ಕಂದು ಕಲೆ ಇಳಿದಿತ್ತು.

"ಸಣ್ಣ ಹೊಲಿಗೆ ಅಕ್ಕಂದು," ಎಂದರು ಟೀಚರಮ್ಮ.

ಅಲ್ಲಿಂದ ನಿಜವಾದ ಮಾತು ಶುರುವಾಯಿತು. ತವರುಮನೆಗೆ ಭದ್ರಾ ಅಚ್ಚುಕಟ್ಟಿನಲ್ಲಿ ಗದ್ದೆ ಇತ್ತು. ಅಪ್ಪ ತೀರಿಕೊಂಡ ಮೇಲೆ ಟೀಚರಮ್ಮನ ತಮ್ಮ, ಪಾಲು ಬೇಡವೆಂದು ಬರೆದುಕೊಡುವ ಹಕ್ಕು ಬಿಡುಗಡೆ ಪತ್ರ ತಯಾರು ಮಾಡಿಸಿ ಅಕ್ಕಂದಿರಿಬ್ಬರ ಸಹಿ ಕೇಳಿದ. ದೊಡ್ಡಕ್ಕ ಆಗಲೇ ಗಂಡನನ್ನು ಕಳೆದುಕೊಂಡವರು, ಕೈಯಲ್ಲಿ ದುಡ್ಡಿಲ್ಲ, ಪಾಲು ಬೇಕೆಂದರು. ನೀನೂ ನನ್ನ ಜೊತೆ ನಿಲ್ಲು ಎಂದು ತಂಗಿಯನ್ನು ಕೇಳಿಕೊಂಡರು. ಟೀಚರಮ್ಮ ಹೂಂ ಅಂದಿದ್ದರು. ಆಮೇಲೆ ಆ ತಮ್ಮನೇ ಮನೆಗೆ ಬಂದು ಕೂತು, "ತವರಿಗೆ ಬರೋ ದಾರಿ ಮುಚ್ಕೋಬ್ಯಾಡಕ್ಕ" ಎಂದಾಗ ಸಹಿ ಹಾಕಿಬಿಟ್ಟರು.

ಹೆಣ್ಣುಮಕ್ಕಳ ಪಾಲಿನ ಕಾನೂನು ನಮ್ಮ ರಾಜ್ಯದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಕಾನೂನು ಬಂದಷ್ಟು ಬೇಗ ಪಾಲು ಬರಲಿಲ್ಲ. ಹಬ್ಬಕ್ಕೆ ಸೀರೆ ಕುಪ್ಪಸ ತಪ್ಪಬಾರದು ಎಂಬ ಒಂದೇ ಕಾರಣಕ್ಕೆ ಲಕ್ಷಗಟ್ಟಲೆ ಬೆಲೆಯ ಗದ್ದೆಗೆ ಸಹಿ ಹಾಕಿದ ಹೆಂಗಸರನ್ನು ನಮ್ಮ ಕೋಣೆಯಲ್ಲಿ ಆಗಾಗ ನೋಡುತ್ತೇವೆ. ಹಾಕಿದ್ದು ತಪ್ಪೋ ಸರಿಯೋ ಹೇಳುವ ಕೆಲಸ ನನ್ನದಲ್ಲ. ಆದರೆ ಆ ಸಹಿ ಮನೆಯಲ್ಲಿ ಎಲ್ಲಿ ಹೋಗಿ ಕೂತಿದೆ ಎಂದು ಹುಡುಕುವುದು ನನ್ನದೇ ಕೆಲಸ.

ವಿಷಯ ಗೊತ್ತಾದ ದಿನ ದೊಡ್ಡಕ್ಕ ಟೀಚರಮ್ಮನ ಮನೆಯಲ್ಲೇ ಇದ್ದರು, ಬೇಸಿಗೆ ರಜೆ, ಇಬ್ಬರೂ ಇದೇ ಕೌದಿಯ ಎದುರುಬದುರು. ಫೋನು ಬಂತು. ಜಗಳವಾಗಲಿಲ್ಲ. "ನೀ ಹಾಕಿದ್ದು ನನ್ನ ಪಾಲಿಗೂ ಹಾಕಿದಂಗೇ ಆತು," ಎಂದಷ್ಟೇ ಹೇಳಿ ಎದ್ದರು. ಅವರು ಇರುವುದು ಹರಿಹರದಲ್ಲಿ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರು, ಕೈ ತೋರಿಸಿದರೆ ಬಸ್ಸು. ಹದಿಮೂರು ವರ್ಷದಲ್ಲಿ ಮದುವೆ, ಸಾವು ಬಿಟ್ಟರೆ ಅಕ್ಕತಂಗಿ ಮುಖ ನೋಡಿಲ್ಲ.

ಟೀಚರಮ್ಮನನ್ನು ಕಾಡುತ್ತಿದ್ದದ್ದು ಇನ್ನೊಂದು ಸಣ್ಣ ಸಂಗತಿ. ಬೆರಳಿಟ್ಟು ತೋರಿಸಿದರು. ಅಕ್ಕನ ಸಾಲು ನಿಂತ ಕಡೆ ಸೂಜಿ ಇರಲಿಲ್ಲ. ದಾರಕ್ಕೆ ಗಂಟು ಹಾಕಿ, ಒಪ್ಪವಾಗಿ ಕತ್ತರಿಸಿದ್ದರು. "ಸಿಟ್ಟಿಗೆದ್ದು ಹೋಗೋರು ಗಂಟು ಹಾಕ್ಕೊಂತ ಕುಂದರ್ತಾರೇನ್ರಿ? ಇನ್ನ ಬರಂಗಿಲ್ಲ ಅಂತ ಆಗ್ಲೇ ಮನಸಿನಾಗ ಮಾಡ್ಕಂಡಿದ್ಲು." ಇರಬಹುದು. ಅಚ್ಚುಕಟ್ಟಿನ ಕೈಯವರು ಯಾವ ಹೊತ್ತಿನಲ್ಲೂ ದಾರ ಬಿಟ್ಟು ಏಳುವುದಿಲ್ಲ ಎಂಬುದೂ ಇರಬಹುದು. ಅಕ್ಕನನ್ನು ಕೇಳದೆ ಆ ಗಂಟಿನ ಅರ್ಥ ನಾವು ಹೇಳಲಾಗದು ಎಂದೆ. ಅವರಿಗೆ ಅಷ್ಟು ಸಮಾಧಾನವಾಗಲಿಲ್ಲ.

ಇಷ್ಟು ಕೇಳಿದ ಯಾರಿಗಾದರೂ ಒಂದು ಸಲಹೆ ನಾಲಿಗೆ ತುದಿಗೆ ಬರುತ್ತದೆ: ಅಕ್ಕನನ್ನು ಕರೆಸಿ, ಇಬ್ಬರೂ ಕೂತು ಕೌದಿ ಮುಗಿಸಿ. ಸೊಸೆಗೂ ಅದೇ ಹೊಳೆದಿತ್ತು. ನಾನು ಒಪ್ಪಲಿಲ್ಲ. ಮುರಿದ ಸಂಬಂಧ ಸರಿಮಾಡುವ ಭಾರವನ್ನು ಒಂದು ಹವ್ಯಾಸದ ಮೇಲೆ ಹೊರಿಸಿದರೆ, ಅಕ್ಕ ಬರದ ದಿನ ಸಂಬಂಧದ ಜೊತೆ ಹವ್ಯಾಸವೂ ಹೋಗುತ್ತದೆ. ಟೀಚರಮ್ಮ ಆಗಲೇ ಮಾಡುತ್ತಿದ್ದದ್ದೂ ಇದನ್ನೇ. ಹದಿಮೂರು ವರ್ಷದ ಮೇಲೆ ಸೂಜಿ ಹಿಡಿದವರು ನೇರವಾಗಿ ಆ ಸೊಟ್ಟ ಸಾಲಿಗೇ ಹೋಗಿ ಕೂರುತ್ತಿದ್ದರು, ಎದುರಿಗೆ ಅಕ್ಕನ ಸಾಲು ಕಾಣುತ್ತಿರುವಾಗ. ಅದು ಬಾಕಿ ತೀರಿಸುವ ಕೂಲಿ. ಹವ್ಯಾಸ ಎನ್ನುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

ಹಾಗಾಗಿ ಮೊದಲ ಸಲಹೆ, ಈ ಕೌದಿಯನ್ನು ಸದ್ಯಕ್ಕೆ ಮುಟ್ಟಬೇಡಿ. ತುಕ್ಕು ಸೂಜಿ ಮಾತ್ರ ತೆಗೆಯಿರಿ, ಇಲ್ಲದಿದ್ದರೆ ಬಟ್ಟೆ ಅಲ್ಲೇ ಹರಿಯುತ್ತದೆ. ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೊಳೆಯಿರಿ, ನೂಲಿನ ಬಟ್ಟೆಗೆ ಅದು ತಡೆಯುತ್ತದೆ. ಆಮೇಲೆ ಬೇವಿನೆಲೆ ಹಾಕಿ ಮಡಚಿ, ದಿನಾ ಕಣ್ಣಿಗೆ ಬೀಳದ ಟ್ರಂಕಿಗೆ ಹಾಕಿ. ಮುಗಿಸುತ್ತೀರೋ ಇಲ್ಲವೋ ಎಂಬ ತೀರ್ಮಾನ ಈ ವರ್ಷ ಬೇಡ. ಸೂಜಿ ಎಳೆದದ್ದು ನನ್ನ ಕೋಣೆಯಲ್ಲೇ. ತುಕ್ಕು ನೂಲಿಗೆ ಕಚ್ಚಿಕೊಂಡಿತ್ತು, ಬರಲಿಲ್ಲ. ಎಣ್ಣೆ ತರಿಸಿ ಹಚ್ಚಿ, ತಿರುಗಿಸಿ ತಿರುಗಿಸಿ ತೆಗೆದರು. ಆ ಹೊತ್ತಿನಲ್ಲಿ ಅವರ ಕಣ್ಣಲ್ಲಿ ನೀರಿರಲಿಲ್ಲ ಎಂಬುದನ್ನು ಗಮನಿಸಿದೆ. ಕೈಗೆ ಕೆಲಸ ಸಿಕ್ಕಿತ್ತು.

ಎರಡನೆಯದು ಕಣ್ಣು. ನಲವತ್ತು ದಾಟಿದ ಮೇಲೆ ಹತ್ತಿರದ ನೋಟ ಮಸುಕಾಗುತ್ತ ಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ, ಆದರೂ ಟೀಚರಮ್ಮ ಹಾಕುತ್ತಿದ್ದದ್ದು ನಿವೃತ್ತಿಗೆ ವರ್ಷಗಳ ಮೊದಲು ಮಾಡಿಸಿದ ಕನ್ನಡಕ. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ರೆಟಿನಾ ತೋರಿಸಲೇಬೇಕು. ಅದೂ ಆಗಿರಲಿಲ್ಲ. ಕಣ್ಣಿನ ಡಾಕ್ಟರು ನಂಬರು ಬದಲಿಸಿದರು. ಹೊಲಿಯುವಾಗ ಬಟ್ಟೆ ಎಷ್ಟು ದೂರ ಹಿಡಿಯುತ್ತೀರಿ ಎಂದು ಅಲ್ಲೇ ಅಳೆದು ಹೇಳಿ, ಪುಸ್ತಕ ಓದುವ ದೂರ ಬೇರೆ ಎಂದು ಕಳಿಸಿದ್ದೆ. ಬಲಗೈಯವರಿಗೆ ದೀಪ ಎಡಗಡೆ ಇರಬೇಕು, ಕೈಯ ನೆರಳು ಹೊಲಿಗೆಯ ಮೇಲೆ ಬೀಳುವುದಿಲ್ಲ. ಕೈ ಹೋಗಿದೆ ಎಂದು ಅತ್ತಿದ್ದರಲ್ಲಿ ಒಂದು ಪಾಲು ಕನ್ನಡಕದ್ದು.

ಬೆರಳಿನದೂ ಇತ್ತು. ಬೆಳಿಗ್ಗೆ ಏಳುವಾಗ ಬಲಗೈಯ ನಡುಬೆರಳು ಮಡಚಿಕೊಂಡೇ ಇದ್ದು, ಬಿಡಿಸಿದರೆ ಟಕ್ಕೆಂದು ತೆರೆದುಕೊಳ್ಳುತ್ತಿತ್ತು. ಸಕ್ಕರೆ ಕಾಯಿಲೆಯವರಲ್ಲಿ ಇದು ಉಳಿದವರಿಗಿಂತ ಹೆಚ್ಚು. ಮೂಳೆ ಡಾಕ್ಟರು ಗಟ್ಟಿ ಹಿಡಿತದ ಕೆಲಸ ಒಂದೇ ಸಮನೆ ಬೇಡ ಎಂದರು. ಸಣ್ಣ ಸೂಜಿಗಿಂತ ತುಸು ದಪ್ಪದ್ದು, ದಾರ ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು ಸಾಕು, ಬೆರಳಿಗೆ ಲೋಹದ ಟೋಪಿ. ಸೂಜಿ ಚುಚ್ಚಿದ ಗಾಯ ಇವರಿಗೆ ಬೇಗ ಮಾಯುವುದಿಲ್ಲ, ಚುಚ್ಚಿದ್ದು ತಿಳಿಯದೆಯೂ ಹೋಗಬಹುದು.

ಮೂರನೆಯ ಸಲಹೆ ಕೇಳಿ ಟೀಚರಮ್ಮ ನಕ್ಕರು. ಮಸಿಬಟ್ಟೆ ಹೊಲಿಯಿರಿ ಎಂದೆ. ಒಲೆಯಿಂದ ಪಾತ್ರೆ ಇಳಿಸುವ ಆ ಅಂಗೈಯಗಲದ ಬಟ್ಟೆ. ಮೂರು ಪದರ, ಸುತ್ತು ಹೊಲಿಗೆ, ಕೌದಿಯ ಎಲ್ಲ ಲಕ್ಷಣವೂ ಇದೆ, ಆದರೆ ಅದರ ಸಾಲು ನೆಟ್ಟಗಿದೆಯೇ ಎಂದು ಯಾರೂ ನೋಡುವುದಿಲ್ಲ, ನಾಳೆ ಮಸಿಯಾಗುತ್ತದೆ, ಸುಟ್ಟರೂ ಚಿಂತೆಯಿಲ್ಲ. ನಾಲ್ಕು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ ಬೇಕಿತ್ತು ನನಗೆ. ಬಿಟ್ಟ ಕೆಲಸಕ್ಕೆ ಮರಳುವವರು ಬಿಟ್ಟಾಗ ಇದ್ದ ಮಟ್ಟದಿಂದಲೇ ಶುರು ಮಾಡಲು ಹೋಗುತ್ತಾರೆ. ಹದಿಮೂರು ವರ್ಷದ ಹಿಂದಿನ ತಮ್ಮ ಕೈಯನ್ನೇ ಎದುರಾಳಿ ಮಾಡಿಕೊಳ್ಳುತ್ತಾರೆ.

ಹೊತ್ತು ನಿಗದಿ ಮಾಡಿದೆವು. ಮಧ್ಯಾಹ್ನದ ಕಾಫಿ ಆದ ಮೇಲೆ ಇಪ್ಪತ್ತು ನಿಮಿಷ, ಮಂಚದ ಅಂಚಿಗೆ ಬೆನ್ನು ಕೊಟ್ಟು. ಮನಸ್ಸು ಬಂದಾಗ ಕೂರುತ್ತೇನೆ ಎಂದರು. ಬೇಡ, ಮನಸ್ಸು ಬರದಿದ್ದರೂ ಕೂರಿ, ಇಪ್ಪತ್ತಾದ ಮೇಲೆ ಮನಸ್ಸಿದ್ದರೂ ಏಳಿ ಎಂದೆ. ಇದು ನನ್ನ ಜಾಣತನವಲ್ಲ. 1970ರ ದಶಕದಲ್ಲಿ ಪೀಟರ್ ಲೆವಿನ್ಸನ್ ಎಂಬ ಮನಶ್ಶಾಸ್ತ್ರಜ್ಞ ತೋರಿಸಿಕೊಟ್ಟ ದಾರಿ: ಹುರುಪು ಬಂದ ಮೇಲೆ ಕೆಲಸ ಎಂದು ಕಾಯುವವರಿಗೆ ಹುರುಪು ಬರುವುದಿಲ್ಲ, ಸಣ್ಣ ಕೆಲಸ ಗೊತ್ತಾದ ಹೊತ್ತಿಗೆ ನಡೆದರೆ ಹುರುಪು ಹಿಂದಿನಿಂದ ಬರುತ್ತದೆ. ನೆನಪಿಗೆ ಒಂದು ನೋಟ್‌ಬುಕ್ಕಿನಲ್ಲಿ ಕೂರುವ ಮೊದಲು ಮನಸ್ಸು ಹತ್ತಕ್ಕೆ ಎಷ್ಟಿತ್ತು, ಎದ್ದಾಗ ಎಷ್ಟು ಎಂದು ಬರೆಯಲು ಹೇಳಿದೆ.

ನೋಟ್‌ಬುಕ್ಕು ತಂದಾಗ ನೋಡಿದರೆ, ಅದರಲ್ಲಿ ಮನಸ್ಸಿನ ಅಂಕಿಯೇ ಇಲ್ಲ. ಹೊಲಿಗೆಗೆ ಅಂಕ ಹಾಕಿಕೊಂಡಿದ್ದರು, ನೂರಕ್ಕೆ, ಕೆಂಪು ಪೆನ್ನಿನಲ್ಲಿ. ಮೊದಲ ದಿನ 35. "ಪಾಸ್ ಮಾಡಿ ಬಿಟ್ಟೀನಿ, ಪಾಪ ಅಂತ." ಅಭ್ಯಾಸ ಎಲ್ಲಿ ಹೋಗುತ್ತದೆ. ಕೆಂಪು ಪೆನ್ನು ಮೊಮ್ಮಗನಿಗೆ ಕೊಡಿ ಎಂದು ಹೇಳಿ, ಹೊಲಿಗೆಗೆ ಅಂಕ ಕೊಡುವ ಕಾಲಮ್ಮನ್ನು ಇಬ್ಬರೂ ಸೇರಿ ಹೊಡೆದುಹಾಕಿದೆವು. ಎರಡನೆಯ ನೋಟ್‌ಬುಕ್ಕಿನಲ್ಲಿ ಮೂರು ಐದಾದದ್ದು, ಐದು ಐದಾಗಿಯೇ ಉಳಿದದ್ದು, ಒಂದು ದಿನ ಆರು ನಾಲ್ಕಾದದ್ದು ಎಲ್ಲ ಇತ್ತು. ಆ ನಾಲ್ಕರ ದಿನ ತಮ್ಮನ ಫೋನು ಬಂದಿತ್ತಂತೆ.

ಬಟ್ಟೆಯದೇ ಒಂದು ಪೇಚು ಎದುರಾಯಿತು. ಮೂವತ್ತು ವರ್ಷ ಶಾಲೆಗೆ ಉಟ್ಟ ಸೀರೆಗಳು ಬೀರುವಿನ ತುಂಬ ಇದ್ದರೂ ಅಷ್ಟೂ ಸಿಂಥೆಟಿಕ್. ಇಸ್ತ್ರಿ ಬೇಡ, ಬೇಗ ಒಣಗುತ್ತದೆ ಎಂದು ತಗೊಂಡಿದ್ದವು. ಕೌದಿಗೆ ಅವು ಬರುವುದಿಲ್ಲ: ಪದರ ಜಾರುತ್ತದೆ, ಬೆವರು ಹೀರುವುದಿಲ್ಲ, ದಾವಣಗೆರೆಯ ಏಪ್ರಿಲ್‌ನಲ್ಲಿ ಹೊದೆಯುವ ಮಾತೇ ಇಲ್ಲ. ಮಸಿಬಟ್ಟೆಗಂತೂ ಅಪಾಯ, ಬಿಸಿ ತಾಗಿದರೆ ಕರಗಿ ಅಂಗೈಗೆ ಅಂಟುತ್ತದೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡ ಊರಿನಲ್ಲಿ ನೂಲಿನ ತುಂಡಿಗೆ ಹುಡುಕಾಟ! ಕೊನೆಗೆ ಅವರು ಬ್ಲೌಸ್ ಕೊಡುವ ಟೈಲರ್ ಹತ್ತಿರ ಲೈನಿಂಗ್ ಬಟ್ಟೆಯ ಕತ್ತರಿಸಿದ ತುಂಡು ಒಂದು ಚೀಲ ಸಿಕ್ಕಿತು. ಬಣ್ಣ ಬಿಡುತ್ತದೆ, ಕುಗ್ಗುತ್ತದೆ ಎಂದು ಮೊದಲು ಉಪ್ಪು ನೀರಿಗೆ ಹಾಕಿ ಒಗೆದರು. ಆ ಕೆಲಸದಲ್ಲೇ ಒಂದು ವಾರ ಮುಖ ಗೆಲುವಾಗಿತ್ತೆಂದು ಸೊಸೆ ಹೇಳಿದರು.

ಸೊಸೆಯ ಜೊತೆ ಒಂದು ಮಾತು ಬೇರೆಯಾಗಿ ಆಡಬೇಕಾಯಿತು. ಒಳ್ಳೆಯ ಮನಸ್ಸಿನಿಂದಲೇ ಅವರು ಇನ್‌ಸ್ಟಾಗ್ರಾಂನಲ್ಲಿ ಪುಟ ತೆರೆಯುವ ಯೋಚನೆ ಮಾಡಿದ್ದರು. ಕೂಸಿನ ಕೌದಿಗೆ ಈಗ ಬೇಡಿಕೆ ಇದೆ, ಅತ್ತೆಗೂ ಕೈತುಂಬ ಕೆಲಸ, ಸ್ವಲ್ಪ ಕಾಸು. ಕೌದಿ ಹೊಲಿದು ಬದುಕುವ ಹೆಂಗಸರು ಈ ಸೀಮೆಯಲ್ಲಿ ಎಷ್ಟೋ ಮಂದಿ, ಬೇಸಿಗೆಯಲ್ಲಿ ಓಣಿಗೆ ಬಂದು ಅಂಗಳದಲ್ಲಿ ಕೂತು ಹೊಲಿದುಕೊಟ್ಟು ಹೋಗುವವರನ್ನು ನಾವೆಲ್ಲ ನೋಡಿದ್ದೇವೆ. ಅದು ಮರ್ಯಾದೆಯ ದುಡಿಮೆ. ಟೀಚರಮ್ಮನಿಗೆ ಪಿಂಚಣಿ ಇದೆ. ಅವರಿಗೆ ಬೇಕಾದದ್ದು ಯಾರೂ ಅಳೆಯದ ಕೆಲಸ. 1973ರಲ್ಲಿ ಪ್ರಕಟವಾದ, ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದ ಕಥೆ ಹೇಳಿದೆ. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ನರ್ಸರಿ ಮಕ್ಕಳಿಗೆ, ಬಿಡಿಸಿದರೆ ಸರ್ಟಿಫಿಕೇಟು ಕೊಡುತ್ತೇವೆ ಎಂದು ಮೊದಲೇ ಆಸೆ ತೋರಿಸಿದರು. ಕೆಲವು ದಿನಗಳ ನಂತರ ನೋಡಿದರೆ, ಆಸೆ ತೋರಿಸಿದ ಮಕ್ಕಳೇ ತಾವಾಗಿ ಪೆನ್ನು ಹಿಡಿಯುವುದನ್ನು ಕಡಿಮೆ ಮಾಡಿದ್ದರು. ಒಂದು ವರ್ಷ ಬೆಲೆ ಕಟ್ಟಬೇಡಿ, ಫೋಟೋ ಹಾಕಬೇಡಿ ಎಂದು ಕೇಳಿಕೊಂಡೆ. ಸೊಸೆ ಮುಖ ಸಣ್ಣ ಮಾಡಿಕೊಂಡರೂ ಒಪ್ಪಿದರು.

ಅಕ್ಕನ ವಿಷಯಕ್ಕೆ ಬೇರೆಯೇ ದಿನ ಇಟ್ಟೆವು. ನೀವು ಅಕ್ಕನಿಗೆ ಹೇಳಬೇಕಾದ್ದು ಏನು ಎಂದು ಕೇಳಿದರೆ ಮೊದಮೊದಲು ತಮ್ಮನನ್ನು ಬೈದರು, ಆಮೇಲೆ ಅಕ್ಕನನ್ನು, ಆಮೇಲೆ ಸುಮ್ಮನಾದರು. ಕೊನೆಗೆ ಹೊರಬಂದದ್ದು ಒಂದೇ ವಾಕ್ಯ: ನಿಲ್ತೀನಿ ಅಂದು ನಿಲ್ಲಲಿಲ್ಲ. ಹೇಳುವುದಾದರೆ ಇದನ್ನಷ್ಟೇ ಹೇಳಿ ಎಂದೆ. ಯಾಕೆ ಸಹಿ ಹಾಕಿದಿರಿ ಎಂಬ ವಿವರಣೆ ಜೊತೆಗೆ ಬೇಡ, ಕ್ಷಮೆಯನ್ನು ಅದು ನುಂಗಿಹಾಕುತ್ತದೆ. ಕೌದಿ ಹೊತ್ತುಕೊಂಡು ಹೋಗಬೇಡಿ. ಅದನ್ನು ನೋಡಿ ಅಕ್ಕ ಕರಗಬೇಕು ಎಂಬ ಲೆಕ್ಕ ಅದರಲ್ಲಿರುತ್ತದೆ, ಅಕ್ಕನಿಗೆ ಅದು ತಿಳಿಯದೆ ಇರುವುದಿಲ್ಲ. ಅವರು ಮಾತಾಡದಿರಬಹುದು, ಬೈಯಬಹುದು. ಆ ಹಕ್ಕು ಅವರಿಗಿದೆ. ಪಾಲಿನ ಪ್ರಶ್ನೆ ಇನ್ನೂ ಜೀವಂತವಿದ್ದರೆ ಅದಕ್ಕೆ ವಕೀಲರಿದ್ದಾರೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಂಗಸರಿಗೆ ನೆರವು ಪುಕ್ಕಟೆ. ನನ್ನ ಕೋಣೆಯಲ್ಲಿ ಅದು ಬಗೆಹರಿಯುವುದಿಲ್ಲ.

ಹೋಗಲು ಅವರಿಗೆ ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಮಸಿಬಟ್ಟೆಗಳು ಓಣಿಯ ಅರ್ಧ ಅಡುಗೆಮನೆಗೆ ತಲುಪಿದ್ದವು. ಮೊದಲನೆಯದನ್ನು ಸೊಸೆ ದೋಸೆ ಹಂಚು ಇಳಿಸುವಾಗ ಒಂದು ಮೂಲೆ ಸುಟ್ಟರು. ಅತ್ತೆ ಏನೂ ಅನ್ನಲಿಲ್ಲ, ಇನ್ನೊಂದು ಕತ್ತರಿಸಿದರಂತೆ. ಆಮೇಲೆ ಕೂರುವ ಆಸನ, ಆಮೇಲೆ ಮೊಮ್ಮಗನ ತೊಡೆಯಗಲದ ಹಾಸು. ಹರಿಹರದಲ್ಲಿ ಅಕ್ಕ ಬಾಗಿಲು ತೆಗೆದರು, ಕಾಫಿ ಕೊಟ್ಟರು, ತಂಗಿ ಹೇಳಿದ್ದನ್ನು ಕೇಳಿಸಿಕೊಂಡರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಏಳುವಾಗ "ಕಣ್ಣು ಹೆಂಗದಾವು?" ಎಂದು ಕೇಳಿದರು. ಗಂಟಿನ ಮಾತನ್ನು ಟೀಚರಮ್ಮ ಎತ್ತಲಿಲ್ಲ. ಅರ್ಧ ಕೌದಿ ಇನ್ನೂ ಟ್ರಂಕಿನಲ್ಲೇ ಇದೆ, ಅದನ್ನು ಅಕ್ಕನಿಗೆ ಕೊಡುವುದೋ, ಮುಗಿಸುವುದೋ, ಹಾಗೇ ಬಿಡುವುದೋ ಗೊತ್ತಿಲ್ಲ.

ಓದುವವರಲ್ಲಿ ಇಂಥದ್ದೇ ಸ್ಥಿತಿಯವರಿದ್ದರೆ ಒಂದು ವ್ಯತ್ಯಾಸ ನೋಡಿಕೊಳ್ಳಿ. ಬೇಸರ ಒಂದು ಪೆಟ್ಟಿಗೆಯ ಸುತ್ತ ಮಾತ್ರವಿದ್ದರೆ ಮೇಲಿನ ದಾರಿ ಆದೀತು. ಎರಡು ವಾರ ಮೀರಿ ನಿದ್ದೆ, ಊಟ, ಯಾವುದರಲ್ಲೂ ಆಸೆ ಇಲ್ಲದಂತಾದರೆ ಸೂಜಿದಾರದಿಂದ ಆಗುವುದಿಲ್ಲ, ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಟೀಚರಮ್ಮನ ಭೇಟಿಗಳನ್ನು ನಿಲ್ಲಿಸಿದ್ದೇವೆ. ಕೊನೆಯ ಸಲ ಬಂದಾಗ ಹೇಳಿದ ತಕರಾರು ಬೇರೆ: ಸೊಸೆ ತನ್ನದೊಂದು ಹೊಳೆಯುವ ಸಿಂಥೆಟಿಕ್ ಸೀರೆಯ ತುಂಡನ್ನು ಹೊಸ ಹಾಸಿನ ನಡುವೆ ಹಾಕಲೇಬೇಕೆಂದು ಹಟ ಹಿಡಿದಿದ್ದಾರೆ, ಅತ್ತೆ ಒಪ್ಪುತ್ತಿಲ್ಲ. ಅದಕ್ಕೆ ನನ್ನ ಸಲಹೆ ಕೇಳಿದರು. ಅದು ನಿಮ್ಮಿಬ್ಬರದು ಎಂದು ಕಳಿಸಿದೆ.